ತನ್ನ ಹೆಸರಿಗೇ ಕರಿದ ಏಳು ರೊಟ್ಟಿ

ತಾವು ಸತ್ತ ಸುದ್ದಿ ಮನೆ ಬಾಗಿಲಿಗೆ ಬಂದಾಗ ಜೂರಾಕಾನ್ ಎಜೆ ಹಿಟ್ಟು ನಾದುತ್ತಿದ್ದರು. ಹಿರಿಯ ಹೆಂಗಸರನ್ನು ನಮ್ಮಲ್ಲಿ ಎಜೆ, ಅಂದರೆ ಅಕ್ಕ, ಎನ್ನುತ್ತಾರೆ. ಡಿಸೆಂಬರ್ ತಿಂಗಳ ಮಧ್ಯಾಹ್ನ. ಚೋಲೊಕ್-ತೆರೆಕ್ ಊರಿನ ಬೀದಿಯಲ್ಲಿ ಮೊಣಕಾಲುದ್ದ ಹಿಮ. ಅದನ್ನು ತುಳಿದುಕೊಂಡು ಮೂವರು ಗಂಡಸರು, ಸೊಂಟಕ್ಕೆ ಕೈಯಿಟ್ಟು ಬಾಗಿ, "ಅಯ್ಯೋ ನನ್ನ ಎಜೇ, ಬೆಟ್ಟದಂಥ ನನ್ನ ಅಕ್ಕಾ" ಎಂದು ದೊಡ್ಡ ಗಂಟಲಿನಲ್ಲಿ ಅಳುತ್ತ ಗೇಟಿನ ಕಡೆಗೆ ಬರುತ್ತಿದ್ದರು. ನಮ್ಮಲ್ಲಿ ಸಾವಿನ ಮನೆಗೆ ಗಂಡಸರು ಬಾಯಿ ಮುಚ್ಚಿಕೊಂಡು ಬರುವಂತಿಲ್ಲ. ಬೀದಿಯ ಆ ತುದಿಯಿಂದಲೇ ಕೂಗುತ್ತ ಬಂದರೇನೇ ಸತ್ತವರಿಗೆ ಮರ್ಯಾದೆ. ಯಾರ ಮನೆಯಲ್ಲಿ ಏನಾಯಿತೋ ಪಾಪ ಅಂದುಕೊಂಡು ಎಜೆ ಹಿಟ್ಟಿನ ಕೈಯಲ್ಲೇ ಹೊರಗೆ ಬಂದರು, ತಾವೂ ಒಂದು ದನಿ ಸೇರಿಸೋಣ ಎಂದು.

ಮುಂದಿದ್ದವನು ದೊಲೊತ್, ಎಜೆಯ ಚಿಕ್ಕಪ್ಪನ ಮಗ. ತಲಾಸ್‌ನಿಂದ ಒಂದು ಹಗಲು, ಒಂದು ರಾತ್ರಿ ಕಾರು ಓಡಿಸಿಕೊಂಡು ಬಂದಿದ್ದ. ತಲೆಯೆತ್ತಿ ನೋಡಿದವನಿಗೆ ಅಳು ಅರ್ಧಕ್ಕೇ ನಿಂತುಹೋಯಿತು.

"ಎಜೆ, ನೀವಾ?"

"ನಾನಲ್ದೆ ಇನ್ಯಾರು? ಯಾರಪ್ಪ ಹೋದ್ರು?"

"ನೀವೇ ಎಜೆ."

ಹಿಂದಿದ್ದ ಇಬ್ಬರು ತಮ್ಮಂದಿರು ಟೋಪಿ ತೆಗೆಯಬೇಕೋ ಹಾಕಬೇಕೋ ತಿಳಿಯದೆ ಕೈಯಲ್ಲಿ ಹಿಡಿದುಕೊಂಡೇ ನಿಂತರು. ಕಾರಿನ ಡಿಕ್ಕಿಯಲ್ಲಿ ಕಾಲು ಕಟ್ಟಿದ ಕುರಿಯೊಂದು ಅರಚುತ್ತಿತ್ತು. ತಿಥಿಗೆಂದು ತಂದದ್ದು.

"ಒಂದು ಫೋನ್ ಮಾಡೋಕೆ ಕೈಗೆ ಏನಾಗಿತ್ತು ನಿಂಗೆ?" ಎಂದರು ಎಜೆ.

"ಸಾವಿನ ಮನೆಗೆ ಫೋನ್ ಮಾಡಿ, ಏನ್ರೀ, ಹೋದ್ರಂತೆ ಹೌದಾ ಅಂತ ಕೇಳ್ತಾರಾ ಎಜೆ? ಪಕ್ಕದ್ಮನೆ ಶಾರ್ಶೆಗೆ ಮಾಡಿದ್ದೆ. ಎಲ್ರೂ ಹೇಗಿದ್ದೀರಪ್ಪಾ ಅಂದೆ. ಏನ್ಮಾಡೋದು ತಮ್ಮಾ, ಎಲ್ಲಾ ದೇವರಿಚ್ಛೆ, ಗಟ್ಟಿಯಾಗಿರು ಅಂದ್ರು."

ಬೇಲಿಯ ಆಚೆ ನಿಂತು ನೋಡುತ್ತಿದ್ದ ಶಾರ್ಶೆ ಮುದುಕ ತಡೆಯಲಾರದೆ ಬಾಯಿ ಹಾಕಿದ. "ಇವನ ದನಿ ನೋಡಿ, ಇವನ ಮನೇಲೇ ಯಾರೋ ಹೋಗಿರ್ಬೇಕು ಅಂದ್ಕೊಂಡೆ ನಾನು. ಯಾರು ಅಂತ ಹೇಗೆ ಕೇಳ್ಲಿ?"

ಹೀಗೆ ಕೇಳಬಾರದೆಂದು ಇವನು, ಕೇಳಬಾರದೆಂದೇ ಅವನು, ಇಬ್ಬರೂ ಮರ್ಯಾದಸ್ಥರು ಸೇರಿ ಒಬ್ಬ ಹೆಂಗಸನ್ನು ಹೂತೇಬಿಟ್ಟಿದ್ದರು. ತಂದ ಕುರಿಯನ್ನು ವಾಪಸು ಒಯ್ಯುವಂತಿರಲಿಲ್ಲ. ಅಲ್ಲೇ ಕೊಯ್ದು ಬೇಯಿಸಿದರು. ತಮ್ಮ ತಿಥಿಯ ಮಾಂಸವನ್ನು ತಾವೇ ಬಡಿಸಿದವರು ನಮ್ಮ ಜಿಲ್ಲೆಯಲ್ಲಿ ಜೂರಾಕಾನ್ ಎಜೆ ಒಬ್ಬರೇ ಇರಬೇಕು. ಊಟದ ಹೊತ್ತಿಗೆ ಎಲ್ಲರೂ ನಗುತ್ತಿದ್ದರು, ಎಜೆಯೂ ನಕ್ಕರು. ನಕ್ಕು ಮುಗಿದ ಮೇಲೆ ಕೇಳಿದರು. "ಅಲ್ವೋ, ನಾನು ಸತ್ತೆ ಅಂತ ನಿಂಗೆ ಹೇಳಿದ್ದು ಯಾರು?"

ದೊಲೊತ್ ಫೋನು ತೆಗೆದ. ಕೊಡಲೋ ಬೇಡವೋ ಎಂದು ಒಂದು ಗಳಿಗೆ ಹಿಂಜರಿದ. "ಐಜಿರೆಕ್," ಎಂದ.

ಐಜಿರೆಕ್ ಎಜೆಯ ಮೊಮ್ಮಗಳು ಎಂದರೆ ಅರ್ಧ ಸುಳ್ಳು ಹೇಳಿದ ಹಾಗೆ. ಮಗನ ಮೊದಲ ಮಗು ಅಜ್ಜಿಯದು, ಇದು ನಮ್ಮ ಕಡೆಯ ಕಟ್ಟಳೆ. ಮಗ ಎರ್ಮೆಕ್, ಸೊಸೆ ಗುಲ್ಸಾನಾ ಬಿಷ್ಕೆಕ್ ಪಟ್ಟಣದಲ್ಲಿ ಸಂಸಾರ ಹೂಡಿದಾಗ ನಲವತ್ತು ದಿನದ ಕೂಸನ್ನು ಎಜೆಯ ಮಡಿಲಿಗೆ ಹಾಕಿ ಹೋಗಿದ್ದರು. ಮಗು ಅಜ್ಜಿಯನ್ನು ಅಪಾ, ಅಂದರೆ ಅಮ್ಮ, ಎಂದಿತು. ಹೆತ್ತ ತಾಯಿ ಬಂದರೆ "ಅತ್ತಿಗೆ ಬಂದ್ಲು" ಎಂದು ಓಡಿ ಅಪಾನ ಲಂಗದ ಹಿಂದೆ ಅಡಗಿಕೊಳ್ಳುತ್ತಿತ್ತು. ಹಾಲು ಕೊಡಲಿಲ್ಲ ಎನ್ನುವುದೊಂದು ಬಿಟ್ಟರೆ ತಾಯಿ ಮಾಡುವುದನ್ನೆಲ್ಲ ಎಜೆ ಮಾಡಿದ್ದರು. ಗಂಡ ತೀರಿಹೋಗಿ ಎರಡು ವರ್ಷವಾಗಿದ್ದ ಆ ಮನೆಯಲ್ಲಿ ಮಗುವಿನ ಜೊತೆ ಎಜೆಗೂ ಮತ್ತೆ ಉಸಿರಾಡುವುದು ರೂಢಿಯಾಯಿತು.

ಒಂಬತ್ತು ವರ್ಷವಾದಾಗ ಮಗ ಸೊಸೆ ಬಂದು, ಇಂಗ್ಲಿಷ್ ಕಲಿಯಬೇಕು ಎಂದು ಹುಡುಗಿಯನ್ನು ಪಟ್ಟಣಕ್ಕೆ ಕರೆದೊಯ್ದರು. ಹೊರಡುವಾಗ ಎಜೆ ಎರಡೂ ಅಂಗೈ ಬಿಚ್ಚಿ ಎದೆಯ ಮುಂದೆ ಹಿಡಿದು ಆಶೀರ್ವಾದ ಮಾಡಿದರು. ಎದುರಿಗೆ ಹುಡುಗಿಯೂ ಪುಟ್ಟ ಅಂಗೈ ಬಿಚ್ಚಿ ಕೂತಿತ್ತು. ನಮ್ಮಲ್ಲಿ ಹಿರಿಯರ ಮಾತನ್ನು ಹಾಗೆ ಬೊಗಸೆಯಲ್ಲಿ ಹಿಡಿದು, ಕೊನೆಗೆ ಓಮಿನ್ ಎಂದು ಮುಖಕ್ಕೆ ಸವರಿಕೊಳ್ಳುತ್ತಾರೆ. ಆಮೇಲೆ ಪ್ರತಿ ಬೇಸಿಗೆ ಹುಡುಗಿ ಊರಿಗೆ ಬಂದಳು, ಪ್ರತಿ ಸಲವೂ ಆಶೀರ್ವಾದ ಹಿಡಿದುಕೊಂಡೇ ಹೋದಳು.

ಇನ್ನು ಎಜೆಯ ಉದ್ಯೋಗ. ಮೂವತ್ತನಾಲ್ಕು ವರ್ಷ ಊರ ಶಾಲೆಯಲ್ಲಿ ಗಣಿತದ ಟೀಚರು. ನಿವೃತ್ತಿಗೆ ಮೊದಲೇ, ಶಾಲೆಯ ಹಿಂದೆ ಕಲ್ಲಿದ್ದಲು ತುಂಬುತ್ತಿದ್ದ ಕೋಣೆಯನ್ನು ತಾವೇ ಗುಡಿಸಿ, ತೊಳೆದು, ಸುಣ್ಣ ಹೊಡೆದು, ಸಂಜೆ ಮಕ್ಕಳಿಗೆ ತೊಗುಜ್ ಕೊರ್ಗೂಲ್ ಕಲಿಸಲು ಶುರುಮಾಡಿದ್ದರು. ಅಳಗುಳಿಮಣೆಗೆ ದಾಯಾದಿಯಂಥ ಆಟ ಅದು. ಒಬ್ಬೊಬ್ಬರಿಗೆ ಒಂಬತ್ತು ಗುಳಿ, ಗುಳಿಗೆ ಒಂಬತ್ತು ಕಾಯಿ. ಆ ಹೆಸರಿನ ಅರ್ಥ ಒಂಬತ್ತು ಹಿಕ್ಕೆ ಎಂದು. ಕುರಿ ಕಾಯುವ ಅಪ್ಪ ಹುಲ್ಲುಗಾವಲಿನಲ್ಲಿ ನಿಜವಾದ ಹಿಕ್ಕೆ ಇಟ್ಟುಕೊಂಡೇ ಎಜೆಗೆ ಆಟ ಕಲಿಸಿದ್ದ, ಲೆಕ್ಕವನ್ನೂ. ಎಜೆ ಮಾತ್ರ ಮಕ್ಕಳ ಕೈಯಲ್ಲಿ ಜೇಡಿಮಣ್ಣಿನ ಕಾಯಿ ಮಾಡಿಸಿ ರೊಟ್ಟಿ ಒಲೆಯಲ್ಲಿ ಸುಡಿಸುತ್ತಿದ್ದರು. ಹದಿನೇಳು ವರ್ಷ ಹೀಗೆ ನಡೆದಿತ್ತು. ಯಾರೂ ಹೆಸರು ಬರೆದಿಟ್ಟಿರಲಿಲ್ಲ, ಬೋರ್ಡು ಹಾಕಿರಲಿಲ್ಲ. ಕೋಣೆಯ ಬೀಗದ ಕೈ ಎಜೆಯ ಕೋಟಿನ ಜೇಬಿನಲ್ಲಿರುತ್ತಿತ್ತು, ಅಷ್ಟೇ ದಾಖಲೆ.

ದೊಲೊತನ ಫೋನಿನಲ್ಲಿ ಐಜಿರೆಕ್‌ಳ ಫೋಟೊ ಇತ್ತು, ಕೈಯಲ್ಲಿ ಎಜೆ ಕೆತ್ತಿಸಿದ ಮಣೆ. ಅಮೆರಿಕದ ಕಾಲೇಜುಗಳಿಗೆ ಮಕ್ಕಳನ್ನು ಸಿದ್ಧಮಾಡುವ ಪಟ್ಟಣದ ಯಾವುದೋ ಕೇಂದ್ರದವರು ಅವಳ ಪ್ರಬಂಧಕ್ಕೆ ಬಹುಮಾನ ಕೊಟ್ಟು, ಅದನ್ನು ರಷ್ಯನ್ ಭಾಷೆಯಲ್ಲಿ ಇಂಟರ್‌ನೆಟ್ಟಿಗೆ ಹಾಕಿದ್ದರು. ಎಜೆ ಕನ್ನಡಕ ಹಾಕಿಕೊಂಡು ಓದಿದರು. ಪ್ರಬಂಧ ಹೀಗಿತ್ತು: ನನ್ನ ಅಜ್ಜಿ ಜೂರಾಕಾನ್ ಅಕ್ಷರ ಬಾರದ ಕುರಿಗಾಹಿ ಹೆಂಗಸು. ಸಾಯುವಾಗ ನನ್ನ ಕೈಯಲ್ಲಿ ಒಂಬತ್ತು ಕಾಯಿ ಇಟ್ಟಳು. ಊರು ಮರೆತ ಆಟವನ್ನು ಉಳಿಸಲು ನಾನು ಪಾಳುಬಿದ್ದ ಕಲ್ಲಿದ್ದಲು ಕೋಣೆಯಲ್ಲಿ ಮಕ್ಕಳ ಕೂಟ ಸ್ಥಾಪಿಸಿದೆ. ಪ್ರತಿ ಗುರುವಾರ ಅವಳ ಹೆಸರಿನಲ್ಲಿ ಏಳು ರೊಟ್ಟಿ ಕರಿಯುತ್ತೇನೆ.

ಎರಡು ಸಲ ಓದಿದರು. ಸಾಯಿಸಿದ್ದನ್ನಾದರೂ ಹೇಗೋ ನುಂಗಿಕೊಳ್ಳಬಹುದಿತ್ತು, ಅಕ್ಷರ ಬಾರದವಳು ಎಂದದ್ದನ್ನು ನುಂಗಲಾಗಲಿಲ್ಲ. ಆ ಹುಡುಗಿಗೆ ಅಕ್ಷರ ತಿದ್ದಿಸಿದ್ದು ಇದೇ ಕೈ. ಎಜೆ ಕನ್ನಡಕ ತೆಗೆದು ಮಡಚಿಟ್ಟರು. ಫೋನನ್ನು ದೊಲೊತನ ಕೈಗೆ ಕೊಟ್ಟು, "ಮಾಂಸ ಇನ್ನೊಂದು ಚೂರು ಹಾಕ್ಲೇನೋ?" ಎಂದರು.

ಜನವರಿಯಲ್ಲಿ ಮಗ, ಸೊಸೆ, ಐಜಿರೆಕ್ ಮೂವರೂ ಬಂದಿಳಿದರು. ಹೊಸ ವರ್ಷಕ್ಕೂ ಬಾರದವರು ಹೀಗೆ ಚೀಲ ತುಂಬ ಹಣ್ಣು, ಡಬ್ಬಿ ತುಂಬ ಮಿಠಾಯಿ ಹೊತ್ತು ಬಂದರೆ ಏನೋ ಕೆಲಸವಿದೆ ಎಂದೇ ಅರ್ಥ. ಎಜೆ ಚಹಾ ಬಸಿದುಕೊಟ್ಟು ಕಾದರು. ಮಗ ಕಿಟಕಿ ನೋಡಿದ, ಸೊಸೆ ಮಗಳನ್ನು ನೋಡಿದಳು. ಕೊನೆಗೆ ಹುಡುಗಿಯೇ ಹತ್ತಿರ ಸರಿದು ಎಜೆಯ ತೊಡೆಯ ಮೇಲೆ ತಲೆಯಿಟ್ಟಳು, ಚಿಕ್ಕವಳಿದ್ದಾಗಿನ ಹಾಗೆ.

"ಅಪಾ, ನಾನು ಮೊದ್ಲು ಹಾಗೆ ಬರೆದಿರ್ಲಿಲ್ಲ. ನೀನು ಕಲಿಸಿದ್ದು ಅಂತಲೇ ಬರೆದಿದ್ದೆ. ಕೇಂದ್ರದ ಸಲ್ತನತ್ ಎಜೆ ಓದಿ, ಬದುಕಿರೋ ಅಜ್ಜಿ ಎಲ್ರಿಗೂ ಇದ್ದಾರೆ, ಇದನ್ನ ಯಾರು ಓದ್ತಾರೆ ಅಂದ್ರು."

"ಹಾಗಾದ್ರೆ ಸತ್ತಿರೋ ಅಜ್ಜಿ ಅಪರೂಪಾನಾ?"

"ತಮಾಷೆ ಮಾಡ್ಬೇಡ ಅಪಾ. ಅಲ್ಲಿ ಬರೀ ಮಾರ್ಕ್ಸ್ ನೋಡಲ್ಲ. ಕ್ಲಾಸಿನ ಹೊರಗೆ ಏನೇನು ಮಾಡಿದ್ದೀವಿ ಅಂತ ಹತ್ತು ಖಾನೆ ಕೊಟ್ಟಿರ್ತಾರೆ. ಒಂದೊಂದು ಖಾನೇಲಿ ಒಂದೂವರೆ ಸಾಲು. ನಿಮ್ಮ ಸ್ಥಾನ ಏನು, ವಾರಕ್ಕೆ ಎಷ್ಟು ಗಂಟೆ, ವರ್ಷಕ್ಕೆ ಎಷ್ಟು ವಾರ, ಎಲ್ಲಾ ತುಂಬ್ಬೇಕು."

"ನೀನೆಷ್ಟು ತುಂಬಿದೆ?"

ಹುಡುಗಿ ತಲೆಯೆತ್ತಲಿಲ್ಲ. "ವಾರಕ್ಕೆ ಹನ್ನೆರಡು ಗಂಟೆ. ನಲವತ್ತು ವಾರ."

"ವರ್ಷಕ್ಕೆ ನಾನೂರ ಎಂಬತ್ತು," ಎಂದರು ಗಣಿತದ ಟೀಚರು. "ಪಟ್ಟಣಕ್ಕೆ ಹೋದ್ಮೇಲೆ ನೀನು ಆ ಕೋಣೆಗೆ ಬಂದಿದ್ದು ಎರಡು ಬೇಸಿಗೇಲಿ ಹದಿನಾರು ದಿನ. ಅದ್ರಲ್ಲಿ ನಾಲ್ಕು ದಿನ ಫೋಟೊ ತೆಗೆಸ್ಕೊಂಡೆ."

ಗುಲ್ಸಾನಾಗೆ ಸಿಟ್ಟು ಬಂತು. "ಎಲ್ರ ಮಕ್ಳೂ ಹೀಗೇ ಬರೆಯೋದು ಅತ್ತೆ. ಒಬ್ಳು ನಾಯಿಗಳ ಆಶ್ರಮ ಕಟ್ಟಿದೀನಿ ಅಂತ ಬರೆದಿದ್ದಾಳೆ. ಅವರ ಮನೇಲಿ ಒಂದು ಬೆಕ್ಕೂ ಇಲ್ಲ."

ಇನ್ನೂ ದೊಡ್ಡ ಮಾತು ಬಾಕಿಯಿತ್ತು. ಐಜಿರೆಕ್ ಅರ್ಜಿ ಹಾಕಿದ್ದ ಕಾಲೇಜಿನಲ್ಲೇ ಹಿಂದೆ ಓದಿ ಈಗ ಬಿಷ್ಕೆಕ್‌ನಲ್ಲಿ ಕೆಲಸಮಾಡುವ ಡಯಾನ್ ಎಂಬ ಅಮೆರಿಕದ ಹೆಂಗಸು, ಅರ್ಜಿ ಹಾಕಿದ ಮಕ್ಕಳನ್ನು ಮಾತಾಡಿಸಿ ಕಾಲೇಜಿಗೆ ಬರೆದು ಕಳಿಸುತ್ತಾಳಂತೆ. ಪ್ರಬಂಧ ಓದಿ ಅವಳ ಕಣ್ಣು ತುಂಬಿತಂತೆ. ಕೂಟವನ್ನು ನೋಡಬೇಕು, ಆ ಏಳು ರೊಟ್ಟಿಯ ಹೊತ್ತಿಗೆ ಅಜ್ಜಿಯ ಮನೆಯಲ್ಲಿ ಕೂರಬೇಕು ಎಂದು ಮುಂದಿನ ಗುರುವಾರ ಬರುತ್ತಾಳಂತೆ.

"ನೀನು ಪಕ್ಕದ್ಮನೆಯವಳು ಅಂತ ಹೇಳ್ತೀನಿ ಅಪಾ. ಒಂದೇ ದಿನ. ಚಹಾ ಕೊಟ್ಟು ಸುಮ್ನೆ ಕೂತಿರು. ಇಲ್ದಿದ್ರೆ ನನ್ನ ಹತ್ತು ವರ್ಷದ ಓದು ನೀರಲ್ಲಿ ಹೋಮ." ಹುಡುಗಿಯ ಕಣ್ಣೀರು ನಿಜವಾದದ್ದು, ಲಂಗ ನೆನೆಯಿತು.

ಎಜೆ ಆ ತಲೆಯ ಮೇಲೆ ಕೈಯಿಟ್ಟರು. ಆಗೋದಿಲ್ಲ ಎನ್ನುವುದು ಒಂದೇ ಮಾತಿನ ಕೆಲಸವಾಗಿತ್ತು. ಆದರೆ ಅವರೊಳಗೆ ಒಂದು ಹಟ ಹುಟ್ಟಿತ್ತು, ಹಟದ ಜೊತೆ ಒಂದು ಆಸೆ. ಕೇಂದ್ರದಲ್ಲಿ ಕೂತು ಕಾಗದದ ಮೇಲೆ ಬರೆಯುವುದು ಬೇರೆ, ಎದುರಿಗೆ ಕೂತ ಅಪಾನನ್ನು ನೋಡಿಕೊಂಡು ಬಾಯಿಬಿಟ್ಟು ಸತ್ತಳು ಎನ್ನುವುದು ಬೇರೆ. ಆಗಲಿ, ಬರಲಿ ಆ ಹೆಂಗಸು. ನಾನು ಬೆಳೆಸಿದ ಹುಡುಗಿಗೆ ಆ ಮಾತು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಸಿಕ್ಕಿಕೊಂಡರೆ ಸಾಕು, ಉಳಿದದ್ದನ್ನೆಲ್ಲ ನಾನು ಮರೆಯುತ್ತೇನೆ. ಹೀಗೆಂದುಕೊಂಡು ಅವರು ಆಯಿತು ಎಂದರು.

ಗುರುವಾರ ಬೆಳಿಗ್ಗೆ ರೊಟ್ಟಿಯ ಪ್ರಶ್ನೆ ಎದ್ದಿತು. ಸತ್ತವರಿಗೆ ಊಟ ಮುಟ್ಟುವುದಿಲ್ಲ, ಕಾದ ಎಣ್ಣೆಯ ವಾಸನೆಯಷ್ಟೇ ಮುಟ್ಟುತ್ತದೆ ಎಂದು ನಮ್ಮವರು ಗುರುವಾರ ರೊಟ್ಟಿ ಕರಿಯುವುದು. ಬಿಷ್ಕೆಕ್‌ನ ಒಂಬತ್ತನೇ ಮಹಡಿಯ ಮನೆಯಲ್ಲಿ ವಾಸನೆ ಪರದೆಗೆ ಹತ್ತುತ್ತದೆ ಎಂದು ಗುಲ್ಸಾನಾ ಮೊಟ್ಟೆಯನ್ನೂ ಕರಿಯುವವಳಲ್ಲ. ಐಜಿರೆಕ್ ಲಟ್ಟಿಸಿದ್ದು ಯಾವುದೋ ದೇಶದ ಭೂಪಟದ ಹಾಗೆ ಬಂತು. ಕೊನೆಗೆ ಎಜೆಯೇ ತೋಳು ಮಡಿಚಿಕೊಂಡು ಕೂತು, ತಮ್ಮ ಆತ್ಮಕ್ಕೆ ತಾವೇ ಏಳು ರೊಟ್ಟಿ ಕರಿದರು. ಗುಂಡಗೆ, ಹೊಂಬಣ್ಣಕ್ಕೆ, ಒಂದೂ ಸೀಯದಂತೆ.

ಡಯಾನ್ ಒಳ್ಳೆಯ ಹೆಂಗಸು. ಹೊಸಿಲಲ್ಲೇ ಬೂಟು ಬಿಚ್ಚಿದಳು, ಬಿಸಿ ಚಹಾದ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದಳು, ಎಲ್ಲದಕ್ಕೂ ನಮ್ಮ ಭಾಷೆಯ ಒಂದೇ ಒಂದು ಧನ್ಯವಾದವನ್ನು ಹೇಳುತ್ತಿದ್ದಳು. ಇಂಗ್ಲಿಷಿಗೂ ನಮ್ಮ ಮಾತಿಗೂ ನಡುವೆ ಐಜಿರೆಕ್ ಒಬ್ಬಳೇ ಸೇತುವೆ. ಮೊದಲು ಕಲ್ಲಿದ್ದಲು ಕೋಣೆಗೆ ಹೋದರು. ಬಾಗಿಲ ಮೇಲೆ ಹೊಸ ಬೋರ್ಡು ಬಂದಿತ್ತು, ಅದರಲ್ಲಿ ಐಜಿರೆಕ್‌ಳ ಹೆಸರು. ಬೀಗದ ಕೈಯನ್ನು ಎಜೆ ಆ ಒಂದು ದಿನದ ಮಟ್ಟಿಗೆ ಬೆಳಿಗ್ಗೆಯೇ ಅವಳಿಗೆ ಕೊಟ್ಟಿದ್ದರು. ಹತ್ತು ಹನ್ನೆರಡು ಮಕ್ಕಳು ಮಣೆಗಳ ಮುಂದೆ ಕೂತಿದ್ದವು. ಡಯಾನ್ ಬಗ್ಗಿ ಒಂಬತ್ತು ವರ್ಷದ ಕಾನಿಮೆಟ್ ಎಂಬ ಹುಡುಗಿಯನ್ನು ಏನೋ ಕೇಳಿದಳು.

"ನಿಂಗೆ ಇದನ್ನ ಕಲಿಸಿದ್ದು ಯಾರು ಅಂತ ಕೇಳ್ತಿದ್ದಾರೆ," ಎಂದಳು ಐಜಿರೆಕ್.

ಏನು ಹೇಳಬೇಕೆಂದು ಮಕ್ಕಳಿಗೆ ಮೊದಲೇ ಪಾಠವಾಗಿತ್ತು. ಆದರೂ ಕಾನಿಮೆಟ್‌ಳ ಕಣ್ಣು ಬಾಗಿಲ ಬಳಿ ನಿಂತಿದ್ದ ಎಜೆಯ ಕಡೆಗೇ ಹೋಯಿತು. ಎಜೆ ಗಲ್ಲ ಎತ್ತಿ ಐಜಿರೆಕ್‌ಳನ್ನು ತೋರಿಸಿದರು. ಮಗು ಆ ಕಡೆಗೆ ಬೆರಳು ಮಾಡಿತು. ಸುಳ್ಳು ಹೇಳುವುದನ್ನು ನಾನು ಈ ಮಗುವಿಗೂ ಕಲಿಸಿದೆನಲ್ಲ ಎಂದು ಎಜೆಗೆ ನಾಚಿಕೆಯಾಯಿತು.

ಮನೆಗೆ ಬಂದು ಊಟದ ಬಟ್ಟೆಯ ಸುತ್ತ ಕೂತರು. ನಡುವೆ ಏಳು ರೊಟ್ಟಿ. ಕುರಾನು ಓದಬೇಕಾದವನು ಎರ್ಮೆಕ್, ಸತ್ತವಳ ಮಗನಲ್ಲವೇ. ಅವನು ಓದಿದ, ತಪ್ಪಿಲ್ಲದೆ ಓದಿದ. ಮುಗಿದ ಮೇಲೆ ಯಾರ ಹೆಸರಿಗೆಂದು ಹೇಳಿ ಅರ್ಪಿಸಬೇಕು. ಎಲ್ಲರೂ ಅಂಗೈ ಬಿಚ್ಚಿ ಹಿಡಿದರು. ಎರ್ಮೆಕ್ ಬಾಯಿ ತೆರೆದ, ತಾಯಿಯ ಮುಖ ನೋಡಿದ, ಕಣ್ಣು ಕೆಳಗೆ ಹಾಕಿದ. "ನಮ್ಮಲ್ಲಿ ಹೋದವ್ರಿಗೆಲ್ಲಾ ಮುಟ್ಲಿ," ಎಂದ.

ಎಜೆಯ ಎದೆ ಹಗುರಾಯಿತು. ಅದು ಸುಳ್ಳಲ್ಲ. ಹೋದವರಲ್ಲಿ ಎಜೆಯ ಗಂಡನಿದ್ದಾನೆ, ಅಪ್ಪನಿದ್ದಾನೆ. ಅಲ್ಲಿಗೇ ಓಮಿನ್ ಎಂದು ಎದ್ದಿದ್ದರೆ ಯಾರಿಗೂ ನಷ್ಟವಿರಲಿಲ್ಲ. ಡಯಾನ್‌ಗೆ ನಮ್ಮ ಭಾಷೆಯ ಒಂದಕ್ಷರ ಬರುವುದಿಲ್ಲ. ಅವಳು ಅಂಗೈ ಬಿಚ್ಚಿಕೊಂಡೇ ಐಜಿರೆಕ್‌ಳ ಕಡೆ ತಿರುಗಿ ಮೆಲ್ಲಗೆ ಏನೋ ಕೇಳಿದಳು. ಆ ಮಾತಿನ ನಡುವೆ ಜೂರಾಕಾನ್ ಎನ್ನುವುದೊಂದು ಎಜೆಗೆ ಗೊತ್ತಾಯಿತು. ಹೆಸರು ಹೇಳುವುದಿಲ್ಲವೇ ಎಂದು ಕೇಳುತ್ತಿದ್ದಾಳೆ. ಇಂಗ್ಲಿಷಿನಲ್ಲಿ ಹೇಳಾಯಿತು ಎಂದುಬಿಟ್ಟರೆ ಮುಗಿದುಹೋಗುತ್ತಿತ್ತು. ಎಜೆ ಮೊಮ್ಮಗಳ ಗಂಟಲನ್ನೇ ನೋಡುತ್ತಿದ್ದರು.

ಐಜಿರೆಕ್ ಬೊಗಸೆಯನ್ನು ಸ್ವಲ್ಪ ಎತ್ತಿದಳು. "ನಮ್ಮ ಅಪಾ ಜೂರಾಕಾನ್‌ಗೆ ಮುಟ್ಲಿ. ಅವಳಿರೋ ಜಾಗ ಬೆಳಕಾಗಿರ್ಲಿ," ಎಂದಳು. ಸ್ಪಷ್ಟವಾಗಿ, ನಮ್ಮ ಮಾತಿನಲ್ಲೇ. ದನಿ ಎಲ್ಲೂ ತಡವರಿಸಲಿಲ್ಲ.

ಎಲ್ಲರೂ ಓಮಿನ್ ಎಂದು ಮುಖ ಸವರಿಕೊಂಡರು. ಎಜೆಯೂ ಸವರಿಕೊಂಡರು, ಬಿಚ್ಚಿದ ಅಂಗೈಯನ್ನು ಹಾಗೇ ಇಳಿಸುವುದು ನಮ್ಮಲ್ಲಿಲ್ಲ. ಡಯಾನ್ ಕಣ್ಣೊರೆಸಿಕೊಂಡು ರೊಟ್ಟಿಯ ಒಂದು ಚೂರು ಮುರಿದು ಪಕ್ಕದ ಮನೆಯ ಹೆಂಗಸಿನ ಕೈಗೆ ಕೊಟ್ಟಳು. ಎಜೆ ಅದನ್ನು ತಿಂದರು. ಉಪ್ಪು ಸರಿಯಾಗಿತ್ತು.

ಮಾರ್ಚಿನಲ್ಲಿ ಐಜಿರೆಕ್‌ಗೆ ಕಾಲೇಜು ಸಿಕ್ಕಿತು, ಖರ್ಚೆಲ್ಲ ಅವರದೇ ಎಂದೂ ಗೊತ್ತಾಯಿತು. ಎರ್ಮೆಕ್ ಫೋನಿನಲ್ಲಿ ಹೇಳಿದಾಗ ಎಜೆ "ಒಳ್ಳೇದಾಯ್ತು" ಎಂದರು, ಮನಸ್ಸಿನಿಂದಲೇ ಅಂದರು. ಹುಡುಗಿಗೆ ಕೆಟ್ಟದಾಗಲಿ ಎಂದು ಅವರು ಒಂದು ದಿನವೂ ಬಯಸಲಿಲ್ಲ. ಆದರೆ ಜನವರಿಯಿಂದ ಈಚೆಗೆ ಹುಡುಗಿ ಫೋನಿನಲ್ಲಿ ಅಪಾ ಎಂದಾಗಲೆಲ್ಲ ಯಾರನ್ನೋ ಕರೆಯುತ್ತಿದ್ದಾಳೆ ಎನ್ನಿಸುತ್ತಿತ್ತು. ಕೋಣೆಯ ಬೋರ್ಡನ್ನು ಅವರು ತೆಗೆಸಲಿಲ್ಲ. ಶಾರ್ಶೆ ಮುದುಕ, "ನಾನು ಕಿತ್ತು ಒಲೆಗೆ ಹಾಕ್ಲಾ?" ಎಂದು ಕೇಳಿದ್ದ. "ಇರ್ಲಿ ಬಿಡು, ಒಳಗಿರೋ ಮಕ್ಳಿಗೆ ಅದು ಕಾಣಲ್ಲ," ಎಂದಿದ್ದರು.

ಆಗಸ್ಟಿನಲ್ಲಿ ಅಮೆರಿಕಕ್ಕೆ ಹೊರಡುವ ಮೂರು ದಿನ ಮೊದಲು ಐಜಿರೆಕ್ ಒಬ್ಬಳೇ ಊರಿಗೆ ಬಂದಳು. ರಾತ್ರಿ ಉಳಿದಳು, ಎಜೆ ಅವಳಿಗೆ ಇಷ್ಟವಾದ ನೂಡಲ್ಸ್ ಮಾಡಿ ಹಾಕಿದರು, ಬೆಳಿಗ್ಗೆ ತಲೆ ಬಾಚಿ ಜಡೆ ಹೆಣೆದರು. ಜನವರಿಯ ಮಾತು ಇಬ್ಬರೂ ಎತ್ತಲಿಲ್ಲ. ಟ್ಯಾಕ್ಸಿ ಗೇಟಿನ ಹೊರಗೆ ಹಾರ್ನ್ ಹೊಡೆಯಿತು. ಹುಡುಗಿ ಎದುರಿಗೆ ಮೊಣಕಾಲೂರಿ ಕೂತು, ಒಂಬತ್ತು ವರ್ಷದವಳಾಗಿದ್ದಾಗಿನ ಹಾಗೆಯೇ ಎರಡೂ ಅಂಗೈ ಬಿಚ್ಚಿ ಹಿಡಿದಳು.

"ಅಪಾ, ಆಶೀರ್ವಾದ ಮಾಡು. ದೂರ ಹೋಗ್ತಿದ್ದೀನಿ."

ಎಜೆಯ ಕೈಗಳು ತೊಡೆಯ ಮೇಲೇ ಇದ್ದವು. ಎತ್ತಬೇಕೆಂದು ಅವರಿಗೆ ಅನ್ನಿಸಿತು. ಎತ್ತಲು ಆಗಲಿಲ್ಲ.

"ಸತ್ತವ್ರು ಆಶೀರ್ವಾದ ಮಾಡಲ್ಲ ಮಗಳೇ," ಎಂದರು, ಸಿಟ್ಟಿಲ್ಲದೆ, ಲೆಕ್ಕ ತಪ್ಪಿದ ಮಗುವಿಗೆ ಹೇಳುವ ದನಿಯಲ್ಲಿ. "ಅವ್ರ ಹೆಸ್ರಲ್ಲಿ ಬದುಕಿರೋರು ಓದಿಸ್ತಾರೆ, ಅಷ್ಟೇ. ನೀನು ಅವತ್ತು ಚೆನ್ನಾಗಿ ಓದಿಸ್ದೆ. ನಂಗೆ ಮುಟ್ತು."

ಹೊರಗೆ ಟ್ಯಾಕ್ಸಿ ಮತ್ತೆ ಹಾರ್ನ್ ಹೊಡೆಯಿತು. ಎಜೆ ಗೂಟದ ಮೇಲಿನ ಕೋಟು ತೆಗೆದುಕೊಂಡು, ಜೇಬಿನಲ್ಲಿ ಬೀಗದ ಕೈ ಇದೆಯೇ ಎಂದು ಮುಟ್ಟಿ ನೋಡಿಕೊಂಡು, ಶಾಲೆಯ ಕಡೆಗೆ ಹೊರಟರು. ಕಾನಿಮೆಟ್ ಮತ್ತು ಇನ್ನಿಬ್ಬರು ಮಕ್ಕಳು ಅಲ್ಲಿ ಕಾಯುತ್ತಿದ್ದರು. ಐಜಿರೆಕ್ ಅಂಗೈ ಬಿಚ್ಚಿಕೊಂಡು ಖಾಲಿ ಮನೆಯಲ್ಲಿ ಕೂತೇ ಇದ್ದಳು. ಬಿಚ್ಚಿದ್ದನ್ನು ಹಾಗೇ ಇಳಿಸುವುದು ಅವಳಿಗೂ ಗೊತ್ತಿರಲಿಲ್ಲ.